ಮೂಗಿನ ದಾರಿ, ಮಿದುಳಿನ ತಳ: ಮಕ್ಕಳ ಎಂಡೋಸ್ಕೋಪಿ ಶಸ್ತ್ರಚಿಕಿತ್ಸೆಯ ಚರಿತ್ರೆ ಮತ್ತು ಬೆಂಗಳೂರು

1826ರಲ್ಲಿ ಮಿಲ್ಲರ್ ಎಂಬ ವೈದ್ಯ ಒಂದು ಮಗುವಿನ ಶವಪರೀಕ್ಷೆಯ ವಿವರ ಪ್ರಕಟಿಸಿದ. ತಲೆಯಲ್ಲಿ ನೀರು ತುಂಬಿದ್ದ ಆ ಮಗುವಿನ ಮೂಗಿನಿಂದ ಆಗಾಗ ತಿಳಿನೀರು ಸುರಿಯುತ್ತಿತ್ತು. ತಲೆಬುರುಡೆಯ ಒಳಗಿನಿಂದ ಮೂಗಿಗೆ ದಾರಿ ಇದ್ದದ್ದು ಸತ್ತ ಮೇಲೆ ಕಂಡಿತು. ಪೆಟ್ಟಿಲ್ಲದೆ ಮಿದುಳಿನ ದ್ರವ ಮೂಗಿಗಿಳಿದ ಮೊದಲ ದಾಖಲೆ ಇದೇ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ರೋಗದ ಚರಿತ್ರೆ ಹೀಗೆ ಮಗುವಿನಿಂದ ಶುರುವಾಯಿತು. ಮೂಗಿನ ಮೂಲಕವೇ ಆ ತೂತನ್ನು ಮುಚ್ಚುವ ಚಿಕಿತ್ಸೆ ಮಕ್ಕಳನ್ನು ತಲುಪಲು ಮಾತ್ರ ನೂರೆಪ್ಪತ್ತು ವರ್ಷದ ಹತ್ತಿರ ಹಿಡಿಯಿತು. ಇದಕ್ಕೆ ಉಪಕರಣದ ಕೊರತೆಯನ್ನು ಕಾರಣ ಹೇಳುವುದು ರೂಢಿ. ಮೂಗಿನ ವೈದ್ಯರೂ ಮಿದುಳಿನ ವೈದ್ಯರೂ ಒಂದೇ ಮೇಜಿನ ಎರಡು ಬದಿಗೆ ನಿಲ್ಲಲು ತಡಮಾಡಿದ್ದೂ ಅಷ್ಟೇ ದೊಡ್ಡ ಕಾರಣ ಎಂಬುದು ಈ ಲೇಖನದ ವಾದ.

ಮಿದುಳು ಕೂತಿರುವ ಮೂಳೆಯ ಹಾಸೇ ಮೂಗಿನ ಸೂರು. ವಾಸನೆಯ ನರಗಳು ಇಳಿದುಬರುವ, ತೂತುತೂತಾದ ಅದರ ನಡುಭಾಗ ಹುಟ್ಟುವಾಗ ಬಹುಪಾಲು ಮೃದ್ವಸ್ಥಿಯಾಗಿರುತ್ತದೆ, ಆಮೇಲಿನ ಒಂದೆರಡು ವರ್ಷಗಳಲ್ಲಿ ಗಟ್ಟಿ ಮೂಳೆಯಾಗುತ್ತದೆ. ಗರ್ಭದಲ್ಲಿ ಮುಚ್ಚಬೇಕಾದ ಸಂದು ಮುಚ್ಚದಿದ್ದರೆ ಮಿದುಳಿನ ಪೊರೆ, ಕೆಲವೊಮ್ಮೆ ಮಿದುಳಿನ ತುಣುಕೇ, ಮೂಗಿಗೆ ಜಾರುತ್ತದೆ. ವೈದ್ಯರು ಇದನ್ನು ಎನ್‌ಸೆಫಲೋಸೀಲ್ ಎನ್ನುತ್ತಾರೆ. ಮನೆಯವರ ಕಣ್ಣಿಗೆ ಅದು ಮೂಗಿನ ದುರ್ಮಾಂಸ, ಇಲ್ಲವೇ ವಾಸಿಯಾಗದ ನೆಗಡಿ. ದುರ್ಮಾಂಸವೆಂದು ಕತ್ತರಿಸಿದರೆ ಮಿದುಳಿನ ಪೊರೆಯೇ ಹರಿದು ದ್ರವ ಸೋರತೊಡಗುತ್ತದೆ, ಆ ದಾರಿಯಲ್ಲಿ ಸೋಂಕು ಮೇಲೇರುತ್ತದೆ. ಮಗು ಅತ್ತಾಗ ಗಡ್ಡೆ ಉಬ್ಬುತ್ತದೆಯೇ ಎಂದು ನೋಡುವ ಹಳೆಯ ಪರೀಕ್ಷೆಗೆ ಫರ್ಸ್ಟನ್‌ಬರ್ಗ್ ಎಂಬ ವೈದ್ಯರ ಹೆಸರಿದೆ. ಖರ್ಚಿಲ್ಲದ ಪರೀಕ್ಷೆ, ಈಗಲೂ ಮರೆಯುವಂಥದ್ದಲ್ಲ.

ಮೊದಲ ಯಶಸ್ವಿ ದುರಸ್ತಿ 1926ರದು, ಅಮೆರಿಕದ ವಾಲ್ಟರ್ ಡ್ಯಾಂಡಿಯದು. ಹಣೆಯ ಮೇಲೆ ತಲೆಬುರುಡೆ ತೆರೆದು, ತೊಡೆಯ ಸ್ನಾಯುಪೊರೆಯ ತುಂಡಿನಿಂದ ಆತ ತೂತು ಮುಚ್ಚಿದ. ತೂತು ಮುಚ್ಚಬೇಕಾದರೆ ಮಿದುಳಿನ ಮುಂಭಾಗವನ್ನು ಎತ್ತಿ ಹಿಡಿಯಲೇಬೇಕಿತ್ತು. ಎಷ್ಟೋ ಜನರಿಗೆ ವಾಸನೆ ಹೋಯಿತು, ಕೆಲವರಿಗೆ ಫಿಟ್ಸ್ ಬಂತು. ಎಳೆಯ ಮಕ್ಕಳಿಗೆ ಇನ್ನೊಂದು ಅಪಾಯವಿತ್ತು. ಕಿಲೋ ತೂಕಕ್ಕೆ ಸುಮಾರು 80 ಮಿಲಿಲೀಟರ್ ಲೆಕ್ಕದಲ್ಲಿ 10 ಕಿಲೋ ತೂಗುವ ಮಗುವಿನ ಮೈಯಲ್ಲಿರುವ ರಕ್ತವೇ 800 ಮಿಲಿಲೀಟರ್. ದೊಡ್ಡವರು ಸಹಿಸುವಷ್ಟು ರಕ್ತ ಹೋದರೆ ಮಗು ಉಳಿಯುವುದಿಲ್ಲ.

1948ರಲ್ಲಿ ಸ್ವೀಡನ್ನಿನ ಡೋಲ್ಮನ್ ಬುರುಡೆ ತೆರೆಯದೆ, ಮೂಗು-ಕಣ್ಣಿನ ನಡುವೆ ಕೊಯ್ದು ಒಳಹೋದ. 1952ರಲ್ಲಿ ಹಿರ್ಶ್ ಮೂಗಿನ ಒಳಗಿಂದಲೇ ದುರಸ್ತಿ ಮಾಡಿದ. ದಾರಿ ತಿಳಿದಿತ್ತು, ಬೆಳಕಿರಲಿಲ್ಲ. ಹೆರಾಲ್ಡ್ ಹಾಪ್ಕಿನ್ಸ್ 1959ರಲ್ಲಿ ಎಂಡೋಸ್ಕೋಪಿಗೆ, ಅಂದರೆ ಮೈಯೊಳಗೆ ಇಳಿಸಿ ನೋಡುವ ಕೊಳವೆಗೆ, ರೂಪಿಸಿದ ಗಾಜಿನ ಕಡ್ಡಿಗಳ ಮಸೂರ ಆ ಕೊರತೆ ನೀಗಿತು. ಆಸ್ಟ್ರಿಯದ ಗ್ರಾಜ್ ನಗರದಲ್ಲಿ ಮೆಸ್ಸರ್‌ಕ್ಲಿಂಗರ್ ಅದರಿಂದ ಮೂಗಿನೊಳಗನ್ನು ವರ್ಷಗಟ್ಟಲೆ ಓದಿದರು. 1971ರಲ್ಲಿ ಸಿ.ಟಿ. ಸ್ಕ್ಯಾನ್ ಬಂತು. ನನ್ನ ಎಣಿಕೆಯಲ್ಲಿ ಸ್ಕ್ಯಾನಿನ ಪಾಲು ಎಂಡೋಸ್ಕೋಪಿನದ್ದಕ್ಕಿಂತ ಕಡಿಮೆಯಲ್ಲ: ತೂತು ಎಲ್ಲಿದೆ ಎಂದು ಮೊದಲೇ ಗೊತ್ತಾಗದೆ ಮಗುವಿನ ಮೂಗಿಗೆ ಕಡ್ಡಿ ಇಳಿಸುವವರು ಯಾರು? ಎಂಡೋಸ್ಕೋಪಿನಿಂದ ಸೋರಿಕೆ ಮುಚ್ಚಿದ ಮೊದಲ ವರದಿ ಜರ್ಮನಿಯ ವಿಗಾಂಡ್ ಅವರದು, 1981. ಮ್ಯಾಟಾಕ್ಸ್ ಮತ್ತು ಕೆನಡಿ 1990ರಲ್ಲಿ ಎನ್‌ಸೆಫಲೋಸೀಲನ್ನೂ ಇದೇ ದಾರಿಗೆ ತಂದರು. ಹುಟ್ಟಿನಿಂದ ಬಂದ ದೋಷಗಳನ್ನು ಮಕ್ಕಳಲ್ಲೇ ಹೀಗೆ ಸರಿಪಡಿಸಿದ್ದನ್ನು ಪ್ಯಾರಿಸ್‌ನ ವಾನ್ ಡೆನ್ ಅಬ್ಬೀಲೆ ಮತ್ತು ಸಂಗಡಿಗರು 1999ರಲ್ಲಿ ವರದಿ ಮಾಡಿದರು.

2006ರಲ್ಲಿ ಅರ್ಜೆಂಟೀನಾದ ಹಡಾದ್, ಬಸ್ಸಗಾಸ್ಟೆಗಿ ಹಾಗೂ ಪಿಟ್ಸ್‌ಬರ್ಗ್‌ನ ತಂಡ ಮೂಗಿನ ನಡುಗೋಡೆಯ ಲೋಳೆಪೊರೆಯನ್ನು, ರಕ್ತನಾಳ ಕಡಿಯದೆ, ತಿರುಗಿಸಿ ಮುಚ್ಚುವ ವಿಧಾನ ಪ್ರಕಟಿಸಿತು. ದೊಡ್ಡ ತೂತುಗಳೂ ಆಗ ಕೈಗೆ ಬಂದವು. ಆದರೆ ಮಗುವಿನ ಮುಖಕ್ಕಿಂತ ತಲೆ ಬೇಗ ಬೆಳೆಯುತ್ತದೆ; ಹತ್ತು ವರ್ಷದೊಳಗೆ ಆ ಪೊರೆ ಅಳತೆಗೆ ಸಾಲದೇ ಹೋಗಬಹುದು ಎಂದು ಪಿಟ್ಸ್‌ಬರ್ಗ್‌ನವರೇ 2009ರಲ್ಲಿ ಎಚ್ಚರಿಸಿದರು. ದೊಡ್ಡವರಿಗೆ ಹೊಂದಿದ್ದನ್ನು ಕಿರಿದು ಮಾಡಿದರೆ ಮಕ್ಕಳಿಗಾಯಿತು ಎಂಬ ಭ್ರಮೆ ಅಲ್ಲಿಗೆ ಮುಗಿಯಬೇಕಿತ್ತು.

ಇನ್ನು ನಮ್ಮ ನಗರಕ್ಕೆ ಬಂದರೆ, ಬೆಂಗಳೂರಿನಲ್ಲಿ ಮೂಗು, ಮಿದುಳು, ಮಗು ಮೂರಕ್ಕೂ ಬೇರೆಬೇರೆ ವಿಳಾಸ. 1900ರಲ್ಲಿ ಉದ್ಘಾಟನೆಯಾದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಕಿವಿ-ಮೂಗು-ಗಂಟಲಿನ ವಿಭಾಗ ಬೆಳೆಯಿತು. ಪಕ್ಕದಲ್ಲೇ 1935ರ ವಾಣಿವಿಲಾಸ, ತಾಯಿ-ಮಕ್ಕಳಿಗೆ. ನರಶಸ್ತ್ರಚಿಕಿತ್ಸೆ ಬೇರೂರಿದ್ದು ಹೊಸೂರು ರಸ್ತೆಯಲ್ಲಿ: 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಡಾ. ಆರ್. ಮಾರ್ತಾಂಡ ವರ್ಮ 1958ರಲ್ಲಿ ಆ ವಿಭಾಗ ಕಟ್ಟಿದರು. 1974ರ ಡಿಸೆಂಬರಿನಲ್ಲಿ ಅದೇ ನಿಮ್ಹಾನ್ಸ್ ಆಯಿತು, ಅವರೇ ಮೊದಲ ನಿರ್ದೇಶಕರು. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ 1991ರಲ್ಲಿ ನಿಮ್ಹಾನ್ಸ್‌ನ ಮಗ್ಗುಲಿಗೆ ಬಂತು. ಒಂದೊಂದು ಅಂಗಕ್ಕೂ ಒಂದೊಂದು ಸಂಸ್ಥೆ ಕಟ್ಟಿದ ಆ ಕಾಲದ ತಿಳಿವಳಿಕೆ ತಪ್ಪೇನಲ್ಲ. ಆದರೆ ಮೂಗಿನ ಸೂರೇ ಮಿದುಳಿನ ನೆಲವಾಗಿರುವ ಈ ರೋಗ ಆ ಗೋಡೆಗಳನ್ನು ಒಪ್ಪುವುದಿಲ್ಲ. ಒಬ್ಬರು ಎಂಡೋಸ್ಕೋಪ್ ಹಿಡಿದು ಇನ್ನೊಬ್ಬರು ಎರಡೂ ಕೈಯಲ್ಲಿ ಕೆಲಸ ಮಾಡುವ ಈಗಿನ ಪದ್ಧತಿಗೆ ಎರಡೂ ವಿಭಾಗ ಒಂದೇ ಸೂರಿನಡಿ ಇರುವುದು ಅನುಕೂಲ.

ಆಸ್ಪತ್ರೆಗಳ ಈ ಭೂಪಟವನ್ನು ರೋಗಿಯ ಮನೆಯ ಕಡೆಯಿಂದ, ಮಾಗಡಿ ರಸ್ತೆಗೂ ನಾಗರಬಾವಿಗೂ ನಡುವಿನ ಶ್ರೀಗಂಧದ ಕಾವಲ್‌ನಿಂದ, ನೋಡಬೇಕು. ಪೀಣ್ಯದ ಕಾರ್ಖಾನೆಗಳಿಗೂ ಗಾರ್ಮೆಂಟ್ಸಿಗೂ ಹೋಗುವವರ ವಸತಿ ಈ ಸುತ್ತಿನಲ್ಲಿ ದಟ್ಟ. ವಿಮೆಯ ಚೀಟಿ ಇದ್ದವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಹತ್ತಿರ. ಹೊಸೂರು ರಸ್ತೆ ನಗರದ ಆಚೆ ತುದಿ. ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಬಂದಾಗ ನರನಾಳದ (ಗರ್ಭದಲ್ಲಿ ಮಿದುಳು, ಬೆನ್ನುಹುರಿಯಾಗುವ ಕೊಳವೆಯ) ದೋಷಗಳನ್ನೂ ಪಟ್ಟಿಗೆ ಸೇರಿಸಿತು. ಬೆನ್ನಿನ ಮೇಲಿನ ಗಡ್ಡೆ ತಪಾಸಣೆಯವರ ಕಣ್ಣಿಗೆ ಬೀಳುತ್ತದೆ, ಮೂಗಿನೊಳಗಿನದು ಬೀಳುವುದಿಲ್ಲ. ಅದನ್ನು ಮೊದಲು ಕಾಣುವವರು ತಾಯಿ, ಇಲ್ಲವೇ ಬಡಾವಣೆಯ ಕ್ಲಿನಿಕ್ಕಿನ ವೈದ್ಯರು.

ಅವರಲ್ಲಿ ಒಂದು ವಿನಂತಿ. ಮಗು ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ, ಮಿದುಳಿನ ಪೊರೆಯ ಸೋಂಕು (ಮೆದುಳು ಜ್ವರ) ಎರಡನೇ ಸಲ ಬಂದರೆ, ಪುಟ್ಟ ಮಗುವಿನ ಒಂದು ಹೊಳ್ಳೆಯಲ್ಲಿ ದುರ್ಮಾಂಸ ಕಂಡರೆ, ಸ್ಕ್ಯಾನ್ ಆಗದೆ ಅದಕ್ಕೆ ಕತ್ತರಿ ಹಾಕಲು ಒಪ್ಪಬೇಡಿ.