ಉಪ್ಪಳದ ಅಂಗಡಿ, ಶನಿವಾರದ ಸೆವೆನ್ಸ್

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು; ಉಪ್ಪಳದಲ್ಲಿ ನಮ್ಮ ಅಂಗಡಿಯ ಲೆಕ್ಕಪುಸ್ತಕ ಕನ್ನಡದಲ್ಲೇ ಉಳಿಯಿತು. 1957ರಲ್ಲಿ ನಯಾಪೈಸೆ ಬಂತು, ಆಮೇಲೆ ಸೇರು ಹೋಗಿ ಕಿಲೋ. ಮುಡಿ ಅಕ್ಕಿಯ ಲೆಕ್ಕ ಈಗ ಎಷ್ಟು ಜನರಿಗೆ ಗೊತ್ತು? ಗಿರಾಕಿಗಳ ಮಾತು ಬ್ಯಾರಿ, ತುಳು, ಮಲಯಾಳ. ಉಪ್ಪ ಸಾಲ ಬರೆಯುತ್ತಿದ್ದದ್ದು ಮಾತ್ರ ಕನ್ನಡದಲ್ಲಿ.

ಶನಿವಾರ ಸಂಜೆ ಕೊಯ್ಲಾದ ಗದ್ದೆಯಲ್ಲಿ ಸೆವೆನ್ಸ್. ಹನ್ನೊಂದು ಮಂದಿಗೆ ಗದ್ದೆ ಸಾಲದು, ಏಳೇ ಸರಿ. ಗೆದ್ದವರ ಗೋಲಿಸೋಡಾ ಕೂಡ ಸಾಲದ ಪುಟದಲ್ಲಿದೆ, ಕೆಲವು ಇನ್ನೂ ವಸೂಲಾಗಿಲ್ಲ! 2016ರ ಐಎಸ್‌ಎಲ್ ಫೈನಲ್‌ನಲ್ಲಿ ಗೋಲು ಹೊಡೆದ ಮೊಹಮ್ಮದ್ ರಫಿ ನಮ್ಮದೇ ಜಿಲ್ಲೆಯ ತ್ರಿಕ್ಕರಿಪುರದವರು. ನಮ್ಮ ಗದ್ದೆಯವರ ಹೆಸರು ಇರುವುದು ಈ ಪುಸ್ತಕದಲ್ಲಿ ಮಾತ್ರ. ನನ್ನ ಮಗಳು ಮಲಯಾಳಂ ಮೀಡಿಯಂ. ಅವಳಿಗೆ ಅದನ್ನು ನಾನೇ ಓದಿ ಹೇಳಬೇಕು.