ನೆಲಬೇವಿನ ಕಷಾಯ ಮತ್ತು ಮದ್ರಾಸಿನ ಹಳೆಯ ಜಗಳ

ತಮಿಳಿನಲ್ಲಿ ನಿಲವೇಂಬು, ಕನ್ನಡದಲ್ಲಿ ನೆಲಬೇವು. ಎರಡಕ್ಕೂ ಅರ್ಥ ಒಂದೇ, ಕಹಿಯೂ ಒಂದೇ. ನಮ್ಮ ಸುಳ್ಯದ ಕಡೆ ಅದನ್ನೇ ಕಿರಾತಕಡ್ಡಿ ಅನ್ನುತ್ತಾರೆ. ಚೆನ್ನೈಯಲ್ಲಿ ಹಿಂಗಾರು ಮಳೆ ಹಿಡಿದು ಡೆಂಗಿ ಶುರುವಾದರೆ ಸರ್ಕಾರಿ ಆಸ್ಪತ್ರೆಗಳಲ್ಲಿ, ರಸ್ತೆ ಬದಿಯ ಶಾಮಿಯಾನಗಳಲ್ಲಿ ನಿಲವೇಂಬು ಕುಡಿನೀರನ್ನು ಲೋಟಕ್ಕೆ ಹೊಯ್ದು ಕೊಡುತ್ತಾರೆ. ಇದು ಸಿದ್ಧ ವೈದ್ಯದ ಕಷಾಯ. ನೆಲಬೇವಿನ ಜೊತೆ ಲಾವಂಚ, ಗಂಧ, ಶುಂಠಿ, ಕಾಳುಮೆಣಸು ಎಲ್ಲ ಸೇರಿ ಒಂಬತ್ತು ಸಾಮಾನು.

ಎಣ್ಣೂರಿಗೆ ಬಂದ ಎರಡನೇ ವರ್ಷ ನನಗೂ ಡೆಂಗಿ ಬಂತು. ಒಂದು ಕಡೆ ಕೊಸಸ್ತಲೈ ನದಿಯ ಅಳಿವೆ, ಇನ್ನೊಂದು ಕಡೆ ಸಮುದ್ರ, ನಡುವೆ ಕಾರ್ಖಾನೆಗಳು. ಮಳೆ ನಿಂತರೂ ಇಲ್ಲಿ ನೀರು ನಿಂತೇ ಇರುತ್ತದೆ. ಫೋನಿನಲ್ಲಿ ಅಮ್ಮ, "ಕಿರಾತಕಡ್ಡಿ ಕಷಾಯ ಕುಡಿ ಮಗಾ, ಇಂಗ್ಲಿಷ್ ಮದ್ದು ಉಷ್ಣ" ಎಂದರು. ಆಫೀಸಿನ ಗೆಳೆಯರಿಗೆ ಕಷಾಯ ಅಂದರೆ ನಗು. ಎರಡು ಪಕ್ಷಗಳ ನಡುವೆ ಜ್ವರದಲ್ಲಿ ಮಲಗಿದ್ದವನು ನಾನು. ಈ ಜಗಳ ಇದೇ ಊರಿನಲ್ಲಿ ನೂರು ವರ್ಷದ ಹಿಂದೆ ಸರ್ಕಾರದ ಮಟ್ಟದಲ್ಲೇ ನಡೆದಿತ್ತು ಎಂದು ಗೊತ್ತಾದದ್ದು ಚೇತರಿಸಿಕೊಳ್ಳುತ್ತಾ ಓದಿದಾಗ.

1918ರಲ್ಲಿ ಮದ್ರಾಸ್ ಸರ್ಕಾರ ದೇಶೀ ಮದ್ದುಗಳನ್ನು ಪರಿಶೀಲಿಸಲು ಡಾ. ಎಂ. ಸಿ. ಕೋಮನ್ ಅವರನ್ನು ನೇಮಿಸಿತು. ಅವರು ಇಂಗ್ಲಿಷ್ ವೈದ್ಯ ಕಲಿತವರು. ಕೆಲವು ಮದ್ದುಗಳಲ್ಲಿ ಗುಣ ಕಂಡರೂ ದೇಶೀ ಪದ್ಧತಿಗಳ ಬಗ್ಗೆ ಅವರ ಒಟ್ಟು ಅಭಿಪ್ರಾಯ ಒಳ್ಳೆಯದಿರಲಿಲ್ಲ. ವೈದ್ಯರ ಸಂಘಗಳು ಸಿಟ್ಟಿಗೆದ್ದವು. ನಮ್ಮ ಶಾಸ್ತ್ರ ಅರಿಯದವರು ನಮ್ಮ ಮದ್ದನ್ನು ಅಳೆಯುವುದು ಹೇಗೆ ಎಂಬುದು ಅವರ ತಕರಾರು.

1921ರಲ್ಲಿ ಮುಹಮ್ಮದ್ ಉಸ್ಮಾನ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ಬಂತು. ಇದು ವೈದ್ಯರನ್ನೇ ಪ್ರಶ್ನೆ ಕೇಳಿತು. ಆಗ ದಕ್ಷಿಣ ಕನ್ನಡ, ಕಾಸರಗೋಡು, ಬಳ್ಳಾರಿ ಎಲ್ಲವೂ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಸಮಿತಿಗೆ ಬಂದ ಉತ್ತರಗಳಲ್ಲಿ ಕನ್ನಡದವೂ ಇದ್ದವು. 1923ರ ವರದಿ ದೇಶೀ ಪದ್ಧತಿಗಳಿಗೆ ಸರ್ಕಾರದ ಬೆಂಬಲ ಬೇಕು ಎಂದಿತು. ಸಮಿತಿಯ ಕಾರ್ಯದರ್ಶಿ ಕ್ಯಾಪ್ಟನ್ ಜಿ. ಶ್ರೀನಿವಾಸಮೂರ್ತಿ ಅವರೂ ಇಂಗ್ಲಿಷ್ ವೈದ್ಯ ಕಲಿತವರೇ. ಮುಂದೆ ಮದ್ರಾಸಿನಲ್ಲಿ ಶುರುವಾದ ಭಾರತೀಯ ವೈದ್ಯ ಶಾಲೆಗೆ ಅವರೇ ಮೊದಲ ಮುಖ್ಯಸ್ಥರಾದರು. ಆಯುರ್ವೇದ, ಸಿದ್ಧ, ಯುನಾನಿ ಓದುವ ಹುಡುಗರು ಅಲ್ಲಿ ಆಧುನಿಕ ಶರೀರಶಾಸ್ತ್ರವನ್ನೂ ಕಲಿಯಬೇಕಿತ್ತು. ಆ ಸಂಸ್ಥೆಯೇ ಬೆಳೆದು 1960ರಲ್ಲಿ ಕೀಲ್ಪಾಕ್ ಮೆಡಿಕಲ್ ಕಾಲೇಜಾಯಿತು. ಈಗ ಅಲ್ಲಿ ಕಲಿಸುವುದು ಎಂಬಿಬಿಎಸ್.

ಜಗಳ ಮಾತ್ರ ಮುಗಿಯಲಿಲ್ಲ. 2017ರ ಡೆಂಗಿ ಕಾಲದಲ್ಲಿ ನಟ ಕಮಲ್ ಹಾಸನ್, ಸರಿಯಾದ ಸಂಶೋಧನೆ ಆಗುವ ತನಕ ನಿಲವೇಂಬು ಹಂಚಬೇಡಿ ಎಂದು ತಮ್ಮ ಅಭಿಮಾನಿಗಳಿಗೆ ಹೇಳಿದರು. ದೊಡ್ಡ ಗಲಾಟೆಯೇ ಆಯಿತು. ಕೋಮನ್ ಕಾಲದ ಮಾತುಗಳೇ ಟಿವಿಯಲ್ಲಿ ಮತ್ತೆ ಕೇಳಿಬಂದವು.

ಗಿಡ ಒಂದು ಪಕ್ಷ, ಮಾತ್ರೆ ಇನ್ನೊಂದು ಪಕ್ಷ ಅನ್ನುವುದೇ ಸರಿಯಿಲ್ಲ ಅನಿಸುತ್ತದೆ ನನಗೆ. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ಸಿಂಕೋನಾ ಮರದ ತೊಗಟೆಯದ್ದು. 1860ರ ದಶಕದಲ್ಲಿ ಬ್ರಿಟಿಷರು ನೀಲಗಿರಿಯಲ್ಲಿ ಅದರ ತೋಟಗಳನ್ನೇ ಎಬ್ಬಿಸಿದರು. ರಕ್ತದೊತ್ತಡಕ್ಕೆ ಬಳಸಿದ ರೆಸರ್ಪಿನ್ ಅನ್ನು 1952ರಲ್ಲಿ ನಮ್ಮ ಸರ್ಪಗಂಧದ ಬೇರಿನಿಂದಲೇ ಬೇರ್ಪಡಿಸಿದರು. ತೊಗಟೆ, ಬೇರು ಮದ್ದಾದದ್ದು ಯಾರೋ ಅಳತೆ ಗೊತ್ತುಮಾಡಿ, ಪರೀಕ್ಷಿಸಿ, ಅಪಾಯವನ್ನೂ ಬರೆದಿಟ್ಟ ಮೇಲೆ.

ಡೆಂಗಿಯಂಥ ಕಾಯಿಲೆಯಲ್ಲಿ ಈ ಮಾತಿಗೆ ಇನ್ನೂ ತೂಕ ಹೆಚ್ಚು. ಡೆಂಗಿ ವೈರಸ್ಸನ್ನೇ ಕೊಲ್ಲುವ ಮದ್ದು ಅಲೋಪತಿಯಲ್ಲೂ ಇರಲಿಲ್ಲ. ಡಾಕ್ಟರು ಕೊಟ್ಟದ್ದು ಪ್ಯಾರಾಸಿಟಮಾಲ್, ಹೇಳಿದ್ದು ನೀರು, ಗಂಜಿ, ಎಳನೀರು. ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬಾರದು, ರಕ್ತಸ್ರಾವ ಹೆಚ್ಚುತ್ತದೆ ಎಂದರು. ಕಷಾಯದ ವಿಷಯ ಹೇಳಿದಾಗ ಅವರು ನಗಲಿಲ್ಲ. ಏನೇನು ಹಾಕಿದ್ದಾರೆ, ಎಷ್ಟು ಕುಡಿದಿರಿ ಎಂದು ಕೇಳಿ ಚೀಟಿಯಲ್ಲಿ ಬರೆದುಕೊಂಡು, "ಕುಡಿಯಿರಿ, ಆದರೆ ರಕ್ತಪರೀಕ್ಷೆ ತಪ್ಪಿಸಬೇಡಿ" ಎಂದರು.

ಐದನೇ ದಿನ ಜ್ವರ ಇಳಿಯಿತು. ಕಷಾಯ ಕೆಲಸ ಮಾಡಿತು ಎಂದು ಅಮ್ಮನಿಗೆ ಸಮಾಧಾನ. ಆದರೆ ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತೇ ಅಪಾಯದ ಹೊತ್ತು. ರಕ್ತನಾಳಗಳಿಂದ ದ್ರವ ಹೊರಕ್ಕೆ ಸೋರಿ ಮೈಯಲ್ಲಿ ರಕ್ತ ಗಟ್ಟಿಯಾಗುತ್ತದೆ. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಅದರ ಸೂಚನೆಗಳು. ನನಗೆ ವಾಂತಿ ಶುರುವಾಗಿತ್ತು. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡೆ.

ಕಷಾಯವೇ ನನ್ನನ್ನು ಉಳಿಸಿತು ಎಂದೂ, ಅದರಿಂದ ಏನೂ ಆಗಲಿಲ್ಲ ಎಂದೂ ನಾನು ವಾದಿಸುವುದಿಲ್ಲ. ಬಾಯಿ ಕಹಿಯಾದರೂ ಮನೆಯ ನೆನಪಿನಿಂದ ಅದು ಒಳಗೆ ಇಳಿಯಿತು, ನೀರೂ ಹೊಟ್ಟೆಗೆ ಸೇರಿತು. ಆದರೆ ಜ್ವರ ಬಿಟ್ಟ ದಿನ ನನ್ನ ರಕ್ತದಲ್ಲಿ ಏನಾಗುತ್ತಿದೆ ಎಂದು ತಿಳಿಸುವ ಶಕ್ತಿ ಯಾವ ಕಷಾಯಕ್ಕೂ ಇರಲಿಲ್ಲ. ಮದ್ರಾಸಿನ ಎರಡು ಪಕ್ಷಗಳೂ ಯಾವ ಪದ್ಧತಿ ನಿಜ ಎಂದು ಜಗಳವಾಡಿದವು. ಊರು ಬಿಟ್ಟು ಬಂದು ಒಂಟಿ ಕೋಣೆಯಲ್ಲಿ ಜ್ವರ ಬಂದು ಮಲಗುವ ನಮ್ಮಂಥವರು ಕೇಳಬೇಕಾದದ್ದು ಬೇರೆ: ಇವತ್ತು ಕಾಯಿಲೆಯ ಎಷ್ಟನೇ ದಿನ, ನಾನು ನುಂಗುತ್ತಿರುವುದೆಲ್ಲ ಡಾಕ್ಟರಿಗೆ ಗೊತ್ತಿದೆಯೇ, ನಾಳೆ ನನ್ನನ್ನು ನೋಡುವವರು ಯಾರು?