ಹುಳು ಮುಟ್ಟಿದರೆ ಐದೇ ನಿಮಿಷದಲ್ಲಿ ಸಾವು? ಮುಳ್ಳಿನ ಹುಳುವಿನ ಬಗ್ಗೆ ತಿಳಿದಿರಬೇಕಾದ್ದು

ಸಂದೇಶ ಏನು ಹೇಳುತ್ತದೆ?

ಹಸಿರು ಮುಳ್ಳಿನ ಹುಳುವಿನ ಫೋಟೋ, ಜೊತೆಗೆ ಹೊಲದಲ್ಲಿ ಬಿದ್ದಿರುವ ಎರಡು ಶವಗಳ ಫೋಟೋ. 'ಹತ್ತಿ ಹೊಲದಲ್ಲಿ ಹೊಸ ಹುಳು ಬಂದಿದೆ, ಕಚ್ಚಿದರೆ ಐದು ನಿಮಿಷದಲ್ಲಿ ಸಾವು, ಎಲ್ಲರಿಗೂ ಕಳಿಸಿ' ಎಂಬ ಸಂದೇಶ 2022ರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು.

ನಿಜ ಏನು?

ಹುಳು ನಿಜ, ಸಾವಿನ ಕಥೆ ಸುಳ್ಳು. ಆ ಫೋಟೋದಲ್ಲಿದ್ದವರು ಮಹಾರಾಷ್ಟ್ರದಲ್ಲಿ ಸಿಡಿಲು ಬಡಿದು ಮೃತಪಟ್ಟವರು. ಹುಳು 'ಸ್ಲಗ್ ಕ್ಯಾಟರ್‌ಪಿಲ್ಲರ್' ಗುಂಪಿನದು, ಅಂದರೆ ಒಂದು ಬಗೆಯ ಪತಂಗದ ಮರಿ. ಇದು ಹೊಸದಲ್ಲ, ಕಚ್ಚುವುದೂ ಇಲ್ಲ. ಮುಟ್ಟಿದಾಗ ಮುಳ್ಳಿನೊಳಗಿನ ವಿಷ ಚರ್ಮಕ್ಕೆ ತಾಗಿ ಉರಿ, ಊತ ಬರುತ್ತದೆ. ಸಾಮಾನ್ಯವಾಗಿ ಕೆಲವು ಗಂಟೆ ಅಥವಾ ಒಂದೆರಡು ದಿನದಲ್ಲಿ ಕಡಿಮೆಯಾಗುತ್ತದೆ.

ಜೀವ ತೆಗೆಯಬಲ್ಲ ಕಂಬಳಿ ಹುಳು ಜಗತ್ತಿನಲ್ಲಿ ಇಲ್ಲವೆಂದಲ್ಲ. ದಕ್ಷಿಣ ಅಮೆರಿಕದ 'ಲೊನೋಮಿಯಾ' ಹುಳುವಿನಿಂದ ರಕ್ತಸ್ರಾವವಾಗಿ ಸತ್ತವರಿದ್ದಾರೆ. ಅದಕ್ಕೆ ಬ್ರೆಜಿಲ್‌ನಲ್ಲಿ ಪ್ರತಿವಿಷವನ್ನೂ ತಯಾರಿಸುತ್ತಾರೆ. ಆದರೆ ಅದು ನಮ್ಮ ಹೊಲದ ಹುಳುವಲ್ಲ.

ಗುರುತಿಸುವುದು ಹೇಗೆ?

ಚನ್ನಗಿರಿಯ ತೋಟ, ಹೊನ್ನಾಳಿ-ನ್ಯಾಮತಿಯ ಮೆಕ್ಕೆಜೋಳ, ಜಗಳೂರಿನ ಶೇಂಗಾ ಹೊಲ, ಎಲ್ಲೇ ಕೆಲಸ ಮಾಡಿದರೂ ಈ ನಾಲ್ಕನ್ನು ನೆನಪಿಡಿ:

• ಹಸಿರು ಮುಳ್ಳಿನ ಹುಳು: ದಪ್ಪ, ಗಿಡ್ಡ ಮೈ. ಬೆನ್ನ ಮೇಲೆ ಉದ್ದುದ್ದ ಗೆರೆ, ಸಾಲಾಗಿ ಮುಳ್ಳಿನ ಗೊಂಚಲು. ಕಾಲು ಕಾಣುವುದಿಲ್ಲ. ಔಡಲ, ತೆಂಗು, ಮಾವಿನ ಎಲೆಯ ಅಡಿಯಲ್ಲಿರುತ್ತದೆ. ಮುಟ್ಟಬೇಡಿ.
• ನುಗ್ಗೆ ಮರದ ಕಂಬಳಿ ಹುಳು: ಹಗಲಲ್ಲಿ ಕಾಂಡದ ಮೇಲೆ ಗುಂಪಾಗಿ ಅಂಟಿಕೊಂಡಿರುತ್ತದೆ. ಕೂದಲು ತಾಗಿದರೆ ತುರಿಕೆ, ದದ್ದು.
• ಶೇಂಗಾದ ಕೆಂಪು ಕಂಬಳಿ ಹುಳು: ಮಳೆ ಬಿದ್ದ ಮೇಲೆ ಗುಂಪುಗುಂಪಾಗಿ ಬರುತ್ತದೆ. ಬರಿಗೈಯಲ್ಲಿ ಆರಿಸಬೇಡಿ.
• ಮೆಕ್ಕೆಜೋಳದ ಸೈನಿಕ ಹುಳು: ಭಾರತದಲ್ಲಿ ಮೊದಲು ಪತ್ತೆಯಾಗಿದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲೇ. ಬೆಳೆಗೆ ಶತ್ರು ನಿಜ, ಆದರೆ ಮೈಮೇಲೆ ವಿಷದ ಮುಳ್ಳಿಲ್ಲ.

ತಾಗಿದರೆ ಏನು ಮಾಡಬೇಕು?

1. ಉಜ್ಜಬೇಡಿ, ಕೆರೆಯಬೇಡಿ. ಉಜ್ಜಿದಷ್ಟೂ ಮುಳ್ಳು ಒಳಗಿಳಿಯುತ್ತದೆ.
2. ಗಮ್ ಟೇಪ್ ಅಂಟಿಸಿ ಕೀಳಿ. ಪ್ರತಿ ಸಲ ಹೊಸ ಟೇಪ್ ಬಳಸಿ.
3. ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ.
4. ಹಾಕಿಕೊಂಡಿದ್ದ ಬಟ್ಟೆ ಬದಲಿಸಿ, ಬೇರೆಯಾಗಿ ಒಗೆಯಿರಿ.
5. ಸುಣ್ಣ, ಸೀಮೆಎಣ್ಣೆ, ತಂಬಾಕು ಹಚ್ಚಬೇಡಿ.

ಕಣ್ಣಿಗೆ ಕೂದಲು ಬಿದ್ದರೆ ಉಜ್ಜದೆ ಶುದ್ಧ ನೀರಿನಿಂದ ತೊಳೆದು ಅಂದೇ ವೈದ್ಯರಿಗೆ ತೋರಿಸಿ. ಉಸಿರಾಟದ ತೊಂದರೆ, ತುಟಿ-ಮುಖ ಊತ, ತಲೆಸುತ್ತು ಅಥವಾ ಮೈತುಂಬಾ ದದ್ದು ಕಂಡರೆ ಅದು ಅಲರ್ಜಿ. ತಡಮಾಡದೆ 108ಕ್ಕೆ ಕರೆ ಮಾಡಿ.

ಈ ಸುಳ್ಳಿನಿಂದ ಆಗುವ ಅಪಾಯ

ಹುಳುವಿಗೆ ಹೆದರಿ ಬೇಕಾಬಿಟ್ಟಿ ಕೀಟನಾಶಕ ಹೊಡೆದರೆ ಆ ವಿಷ ಹೊಡೆಯುವವರ ಮೈಗೇ ಸೇರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹೊಲದಲ್ಲಿ ಏನೋ ಕಚ್ಚಿದಾಗ 'ಹುಳುವೇ ಇರಬೇಕು' ಎಂದು ಮನೆಯಲ್ಲಿ ಕುಳಿತರೆ, ಕಚ್ಚಿದ್ದು ಹಾವಾಗಿದ್ದರೆ ಜೀವ ಹೋಗುತ್ತದೆ. ಕಚ್ಚಿದ್ದು ಕಣ್ಣಿಗೆ ಬೀಳದಿದ್ದರೆ ಹಾವೆಂದೇ ತಿಳಿದು ಆಸ್ಪತ್ರೆಗೆ ಹೋಗಿ.

ಆ ಇಬ್ಬರನ್ನು ಕೊಂದ ಸಿಡಿಲಿನ ಬಗ್ಗೆ ಸಂದೇಶದಲ್ಲಿ ಒಂದು ಮಾತೂ ಇರಲಿಲ್ಲ. ಗುಡುಗು ಕೇಳಿದ ಕೂಡಲೇ ಹೊಲದ ಕೆಲಸ ಬಿಟ್ಟು ಗಟ್ಟಿ ಕಟ್ಟಡದೊಳಗೆ ಹೋಗಿ, ಮರದ ಕೆಳಗೆ ನಿಲ್ಲಬೇಡಿ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ ಎಂಬುದು ನಮ್ಮ ಕೋರಿಕೆ.